ಕೊತ್ತಂಬರಿ ಪಿಸ್ತೂಲು

ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಹತ್ತು ಜನರ ಮುಂದೆ ಕೈಕಟ್ಟಿ ನಿಂತ ಹಾಗಾಗುತ್ತದೆ. ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಸರೋಜ ರಸದ ಪುಡಿಗೆಂದು ಬಾಣಲೆ ತುಂಬ ಕೊತ್ತಂಬರಿ ಸುರಿದುಕೊಂಡು ಅಡುಗೆಮನೆಯಿಂದಲೇ ಕೂಗಿದಳು: "ಏನಂಗ, ವಾಸನೆ ಬಂತಾ? ಸ್ವಲ್ಪ ಒತ್ತು ತ್ವಾಟದ್ ಕಡೆ ಓಗಿ ಇರುಂಗ. ಗುಂಡು ಉರೀತಾ ಇದೀನಿ!"

ಅವಳು ಗುಂಡು ಎಂದದ್ದು ಕೊತ್ತಂಬರಿಗೇ. ಅದನ್ನು ಗುಂಡು ಮಾಡಿದವನು ನಾನು. ನನ್ನ ಅಕ್ಕ ಮೂರು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಒಂದೇ ಒಂದು ಆಸೆಗೆ ಆ ಗುಂಡು ಹೇಗೆ ತಗುಲಿತು ಎನ್ನುವುದನ್ನು ನಿಮಗೆ ಹೇಳಬೇಕು. ನೀವು ನಗುತ್ತೀರಿ. ನಗಿ. ನಮ್ಮ ಊರಿನವರು ಇನ್ನೂ ನಗುತ್ತಿದ್ದಾರೆ.

ಗೂಡಲೂರು ದಾಟಿ ಕುಮುಳಿಯ ಘಾಟಿಗೆ ಬಸ್ಸು ಗೇರು ಬದಲಾಯಿಸುವ ಕಡೆ ಎಡಕ್ಕೆ ನೋಡಿದರೆ ಒಂದು ದ್ರಾಕ್ಷಿ ಚಪ್ಪರ ಕಾಣುತ್ತದೆ. ಅದು ನಮ್ಮದು. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದ ಒಕ್ಕಲು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದುವ ಕನ್ನಡವನ್ನು ನಾನು ಕಲಿತದ್ದು ಬೆಂಗಳೂರಿನ ಮಾರ್ಕೆಟ್ಟಿನಲ್ಲಿ. ದ್ರಾಕ್ಷಿ ಲಾರಿಯ ಮೇಲೆ ಕೂತು ಹೋಗಿ, ಇಳಿಸುವ ಹೊತ್ತಿನಲ್ಲಿ ಅಂಗಡಿ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಾಗಾಗಿ ನಾನು ಮೊದಲು ಓದಿದ ಕನ್ನಡ ವಾಕ್ಯ "ಇಲ್ಲಿ ಉಗುಳಬಾರದು". ಬರವಣಿಗೆಯಲ್ಲಿ ಏನಾದರೂ ಕೊರತೆ ಕಂಡರೆ ನನ್ನ ಗುರುಗಳನ್ನು ನೆನೆದು ಮನ್ನಿಸಿ.

ನಮ್ಮ ತೋಟದ ಶತ್ರು ನವಿಲು. ಪಟ್ಟಣದವರಿಗೆ ನವಿಲು ಎಂದರೆ ಗರಿ ಮತ್ತು ನಾಟ್ಯ. ನಮಗೆ ಅದು ದ್ರಾಕ್ಷಿಯ ಗೊಂಚಲನ್ನು ತಿನ್ನದೆ, ಒಂದೊಂದು ಹಣ್ಣಿಗೂ ಒಂದೊಂದು ಕುಕ್ಕು ಕೊಟ್ಟು ಮುಂದೆ ಹೋಗುವ ಪ್ರಾಣಿ. ಹೊಡೆಯೋಣವೆಂದರೆ ಸರ್ಕಾರದ ಹಕ್ಕಿ. ಅದಕ್ಕಿಂತ ಹೆಚ್ಚಾಗಿ ಪಳನಿಯ ಮುರುಗನ ವಾಹನ. ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಪಳನಿಗೆ ಹೋಗಿ ಬೆಟ್ಟ ಹತ್ತುವ ನಾನು ಅದರ ಮೇಲೆ ಕಲ್ಲೆತ್ತಿದರೆ ಮುಂದಿನ ವರ್ಷ ಅವನಿಗೆ ಯಾವ ಮುಖ ತೋರಿಸಲಿ? ಇನ್ನು ಕೋತಿ ಹನುಮನದು, ಇಲಿ ನಮ್ಮ ಪಿಳ್ಳೆಯಾರ್ ಗಣಪನದು, ಗಿಳಿ ಮಧುರೆ ಮೀನಾಕ್ಷಿಯ ಕೈಯಲ್ಲೇ ಕೂತಿದೆ. ನಮ್ಮ ತೋಟಕ್ಕೆ ನುಗ್ಗುವ ಒಂದು ಪ್ರಾಣಿಗಾದರೂ ಮೇಲೆ ಬಲವಾದ ಶಿಫಾರಸು ಇಲ್ಲದಿದ್ದರೆ ಹೇಳಿ.

ಹೆದರಿಸುವುದೊಂದೇ ದಾರಿ. ಹಳೆಯ ಕ್ಯಾಸೆಟ್ಟುಗಳ ರೀಲು ಎಳೆದು ಕಟ್ಟಿದೆ, ತಗಡು ಬಡಿದೆ. ನನ್ನ ಮದುವೆಯ ಅಂಗಿ ತೊಡಿಸಿ ಬೆದರುಗೊಂಬೆ ನಿಲ್ಲಿಸಿದೆ. ಒಂದು ನವಿಲು ಅದರ ಭುಜದ ಮೇಲೆ ಕೂತು ಮಧ್ಯಾಹ್ನವೆಲ್ಲ ವಿಶ್ರಾಂತಿ ಪಡೆಯಿತು. ಗೊಂಬೆ ತುಂಬ ಚೆನ್ನಾಗಿ ನನ್ನ ಹಾಗೇ ಬಂದಿದೆ, ಅದಕ್ಕೇ ಹೆದರುತ್ತಿಲ್ಲ ಎಂದು ಸರೋಜ ತೀರ್ಪು ಕೊಟ್ಟಳು.

ಹಕ್ಕಿ ಕಾಯುವುದರಲ್ಲಿ ನಾನು ಹುಟ್ಟಿನಿಂದಲೇ ದಡ್ಡ. ಚಿಕ್ಕಂದಿನಲ್ಲಿ ಜೋಳದ ಹೊಲದ ನಡುವೆ ಅಟ್ಟಣೆ ಕಟ್ಟಿ ನನ್ನನ್ನೂ ಅಕ್ಕನನ್ನೂ ಕೂರಿಸುತ್ತಿದ್ದರು. ಅಕ್ಕ ನಾಗಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳು ಕವಣೆ ತಿರುಗಿಸಿದರೆ ಕಲ್ಲು ಹಕ್ಕಿಯ ಹಿಂಡಿಗೆ ಒಂದು ಮೊಳ ಈಚೆ ಬೀಳುತ್ತಿತ್ತು. ಹಕ್ಕಿಗೆ ತಾಗದೆ, ಹಕ್ಕಿ ಕೂರದೆ, ಅಷ್ಟು ಲೆಕ್ಕ. ಒಮ್ಮೆ ನಾನು ಹಟ ಮಾಡಿ ಕವಣೆ ಕಿತ್ತುಕೊಂಡು ತಿರುಗಿಸಿದೆ. ಕಲ್ಲು ಮುಂದೆ ಹೋಗುವ ಬದಲು ಹಿಂದಕ್ಕೆ ಹಾರಿ, ಬದುವಿನ ಮೇಲೆ ಗಂಜಿ ಕುಡಿಯುತ್ತಿದ್ದ ತಾತನ ಮಡಕೆಗೆ ಬಡಿಯಿತು. ತಾತ ನೆನೆದ ಮೀಸೆ ಒರೆಸಿಕೊಂಡು, "ನಾಗಾ, ಆ ಮಗನ್ ಕೈಗೆ ಏನೂ ಕೊಡ್ಬ್ಯಾಡ" ಎಂದರು. ಅವರ ಮಾತು ಕೇಳಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಕೇಳಲಿಲ್ಲ. ಹೋದ ವರ್ಷ ಪಂಪ್‌ಸೆಟ್ ಮನೆಗೆ ಬೀಗ ತರಲು ದಿಂಡುಕ್ಕಲ್ಲಿಗೆ ಹೋದೆ. ಬೀಗಕ್ಕೆ ದಿಂಡುಕ್ಕಲ್ಲು ಎನ್ನುವುದು ನಮ್ಮ ಕಡೆ ಎಲ್ಲರೂ ಒಪ್ಪುವ ಸಂಗತಿ. ಬಿರಿಯಾನಿಗೆ ಎನ್ನುವುದನ್ನು ನಾನು ಸರೋಜಳಿಗೆ ಹೇಳದೆ ಒಪ್ಪುತ್ತೇನೆ. ಹೊಟ್ಟೆ ಭಾರವಾಗಿ ಬೀಗದ ಅಂಗಡಿಯಲ್ಲಿ ಕೂತಿದ್ದಾಗ ಗಾಜಿನ ಪೆಟ್ಟಿಗೆಯೊಳಗೆ ಅದು ಕಂಡಿತು. ಕಪ್ಪು ಬಣ್ಣದ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಗಾಳಿ ಪಿಸ್ತೂಲು. ಹೊಟ್ಟೆಯ ಕೆಳಗೆ ಒಂದು ಲಿವರು. ಅಂಗಡಿಯವನು ನನ್ನ ಕಣ್ಣು ಹೋದ ಕಡೆಯನ್ನು ಕಂಡುಕೊಂಡ. ಅದನ್ನು ತೆಗೆದು ಮೇಜಿನ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿ, ತಮಿಳಿನಲ್ಲಿ, "ಸಾರ್, ಕಾಂಪ್ಯಾಕ್ಟ್. ಲಿವರ್ ಆಕ್ಷನ್. ವಯಲುಕ್ಕುನ್ನೇ ಸೆಂಜದು" ಎಂದ. ಹೊಲಕ್ಕೆಂದೇ ಮಾಡಿದ್ದಂತೆ. ಲೈಸೆನ್ಸು ಬೇಡ, ಆಧಾರ್ ಕಾರ್ಡಿನ ಝೆರಾಕ್ಸ್ ಸಾಕು. ಬೀಗ ಮರೆತು ಪಿಸ್ತೂಲು ತಂದೆ.

ಅಕ್ಕನ ಮನೆ ನಮ್ಮ ಮನೆಗೆ ಒತ್ತಿಕೊಂಡೇ ಇದೆ. ಪೊಟ್ಟಣ ಬಿಚ್ಚುವಾಗ ಅವಳು ಬಂದು ನಿಂತಳು.

"ತಂಬಿ, ಏನ್ಲಾ ಅದು, ತುಪ್ಪಾಕಿಯಾ?"

"ಗಾಳಿ ತುಪ್ಪಾಕಿ ಅಕ್ಕಾ. ಸುಮ್ಮ್ನೆ ಬೆದರ್ಸಕ್ಕೆ."

ಅವಳು ಸೀಸದ ಗುಂಡುಗಳ ಡಬ್ಬಿ ತೆಗೆದು ಅಲ್ಲಾಡಿಸಿ ನೋಡಿದಳು. "ಇದು ಒಂದು ಜೀವಕ್ ತಗುಲಿದ್ರೆ ಈ ಮನೆ ಆಲೂ ನೀರೂ ನಂಗೆ ಬ್ಯಾಡ" ಎಂದು ಡಬ್ಬಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇ ಹೋದಳು. ಗುಂಡಿಲ್ಲದ ಪಿಸ್ತೂಲು ಹಿಡಿದು ನಾನು ಅಡುಗೆಮನೆಗೆ ಹೋದೆ. ಸಾಸಿವೆ ನಳಿಕೆಯಿಂದ ಉದುರಿಹೋಯಿತು, ಕಡಲೆ ಒಳಗೆ ಹೋಗಲಿಲ್ಲ, ಕೊತ್ತಂಬರಿ ಬೀಜ ಮಾತ್ರ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಹೊಡೆದರೆ ಗೋಡೆಗೆ ಬಡಿದು ಎರಡು ಹೋಳಾಗಿ ಮನೆಯೆಲ್ಲ ರಸದ ವಾಸನೆ.

ಮರುದಿನದಿಂದ ಹೊಲದ ಪರೀಕ್ಷೆ ಶುರುವಾಯಿತು. ಒಂದು ಹಳೆಯ ಡೈರಿಯಲ್ಲಿ ವರದಿಯನ್ನೂ ಬರೆದೆ. ತೂಕ: ಅಂಗಡಿಯಲ್ಲಿ ಹಗುರ, ತೋಟದಲ್ಲಿ ಭಾರ. ಹಿಡಿತ: ಬೆವರಿದ ಕೈಯಲ್ಲಿ ಮೀನು. ಕಾಂಪ್ಯಾಕ್ಟ್ ಎಂದರೆ ಜೇಬಿನಲ್ಲಿ ಹಿಡಿಯುವಂಥದ್ದು ಎಂದು ಅರ್ಥವಂತೆ. ನನ್ನ ಹಾಗೆ ವೇಷ್ಟಿ, ಅಂದರೆ ಪಂಚೆ, ಉಟ್ಟವನಿಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿದರೆ ಲಿವರಿನ ತುದಿ ವೇಷ್ಟಿಯ ಗಂಟಿಗೆ ಸರಿಯಾಗಿ ಕೊಕ್ಕೆ ಹಾಕುತ್ತದೆ. ಪಿಸ್ತೂಲು ಬೇಗ ಹೊರಗೆ ತೆಗೆದರೆ ವೇಷ್ಟಿಯೂ ಅದರ ಜೊತೆಗೇ ಬರುತ್ತದೆ.

ಲಿವರ್ ಎಳೆಯುವುದು ಇನ್ನೊಂದು ಅಧ್ಯಾಯ. ಒಂದು ಕೈಯಲ್ಲಿ ನಳಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಲಿವರನ್ನು ಕೆಳಕ್ಕೆ ಎಳೆಯಬೇಕು. ಸ್ಪ್ರಿಂಗು ಗಟ್ಟಿಯಾದ್ದರಿಂದ ಮೊಣಕಾಲಿಗೆ ಒತ್ತಿಕೊಳ್ಳದೆ ಆಗುವುದಿಲ್ಲ. ಮೊಣಕಾಲಿಗೆ ಒತ್ತಿದರೆ ಎತ್ತಿ ಕಟ್ಟಿದ ವೇಷ್ಟಿ ಸಡಿಲುತ್ತದೆ. ಹಿಡಿದುಕೊಳ್ಳಲು ಮೂರನೆಯ ಕೈ ಬೇಕು. ಎರಡನೆಯ ದಿನ ನವಿಲಿನ ಗುಂಪೊಂದು ನನ್ನ ಮೊದಲ ಗುಂಡಿಗೇ ಚೆಲ್ಲಾಪಿಲ್ಲಿಯಾಗಿ ಓಡಿತು. ಅವು ಓಡಿದ್ದು ಗುಂಡಿಗೆ ಹೆದರಿ ಅಲ್ಲವೆಂದು, ಬಾವಿಯ ಕಡೆಯಿಂದ ಎಲ್ಲವನ್ನೂ ನೋಡುತ್ತಿದ್ದ ಸರೋಜ ಇವತ್ತಿಗೂ ಹೇಳುತ್ತಾಳೆ.

ಶಬ್ದವೂ ಅಷ್ಟಕ್ಕಷ್ಟೆ. ಗುಡುಗು ನಿರೀಕ್ಷಿಸಿದವನಿಗೆ ವೀಳ್ಯದೆಲೆ ಸಿಡಿಸಿದಷ್ಟು ಟಪ್ ಎನ್ನುವ ಸದ್ದು. ಇನ್ನು ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ತಲೆ ಬಗ್ಗಿಸಿಯೇ ನಡೆಯಬೇಕು. ನಾನು ಲಿವರ್ ಬೀಸುವಾಗ ಮೊಣಕೈ ಗೊಂಚಲಿಗೆ ತಾಗುತ್ತಿತ್ತು. ಮೂರನೆಯ ದಿನ ನವಿಲು ಕುಕ್ಕಿದ್ದಕ್ಕಿಂತ ನಾನು ಉದುರಿಸಿದ್ದೇ ಹೆಚ್ಚು. ಗುರಿಯ ವಿಷಯಕ್ಕೆ ಡೈರಿಯಲ್ಲಿ ಖಾಲಿ ಜಾಗ ಬಿಟ್ಟಿದ್ದೆ. ಗುರಿಯೆಂದು ಇಟ್ಟ ತೆಂಗಿನ ಚಿಪ್ಪು ಮೂರು ದಿನವೂ ಒಂದು ಗೀರಿಲ್ಲದೆ ಕೂತಿತ್ತು.

ಈಗ ಸೆಲ್ವನ ವಿಷಯ ಹೇಳಬೇಕು. ಅದಕ್ಕೆ ಮೊದಲು ನಮ್ಮ ದೇವರ ದನದ ವಿಷಯ. ನಮ್ಮ ಜನ ಸೇರಿ ಸಾಕುವ ಒಂದು ದೊಡ್ಡ ಹಿಂಡಿದೆ. ತಮಿಳಿನಲ್ಲಿ ತಂಬಿರಾನ್ ಮಾಡು, ಅಂದರೆ ಒಡೆಯನ ದನ, ಎನ್ನುತ್ತಾರೆ. ಅವನ್ನು ಉಳುವುದಿಲ್ಲ, ಮಾರುವುದಿಲ್ಲ, ಹಾಲು ಕರೆಯುವುದಿಲ್ಲ. ಹರಕೆ ಹೊತ್ತವರು ಕರು ತಂದು ಬಿಡುತ್ತಾರೆ. ಹಿಂಡಿಗೆ ಒಂದು ಪಟ್ಟದ ಹೋರಿ, ಅಂದರೆ ರಾಜ. ರಾಜ ಸತ್ತರೆ ಹೊಸ ರಾಜನನ್ನು ನಾವು ಆರಿಸುವುದಿಲ್ಲ. ಕಂಬಳಿ ಹಾಸಿ ಕಬ್ಬಿಟ್ಟು ದೂರ ಕೂರುತ್ತೇವೆ. ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಒಂದೇ ಕಟ್ಟಳೆ: ಮನುಷ್ಯನ ಕೈಯ ಏಟು ಬಿದ್ದ ಹೋರಿಗೆ ಪಟ್ಟವಿಲ್ಲ.

ಸೆಲ್ವ ಅಕ್ಕ ಬಿಟ್ಟ ಹೋರಿ. ಅದರ ತಾಯಿ ಈಯುವಾಗಲೇ ಸತ್ತಿತ್ತು. ಅಕ್ಕ ಸೀಸೆಗೆ ರಬ್ಬರು ಕಟ್ಟಿ ಹಾಲು ಕುಡಿಸಿದಳು, ಚಳಿಗೆ ತನ್ನ ಹಳೆಯ ಸೀರೆ ಹೊದಿಸಿದಳು, ಬದುಕಿದರೆ ತಂಬಿರಾನಿಗೆ ಎಂದು ಹರಕೆ ಹೊತ್ತಳು. ಬದುಕಿತು, ಬಿಟ್ಟಳು. ಬಿಟ್ಟ ಮೇಲೆ ನನ್ನದು ಎನ್ನಬಾರದು. ಆದರೂ ಪ್ರತಿ ಶುಕ್ರವಾರ ಸೆರಗಿನಲ್ಲಿ ಬಾಳೆಹಣ್ಣು ಕಟ್ಟಿಕೊಂಡು ದೊಡ್ಡಿಗೆ ಹೋಗುತ್ತಿದ್ದಳು. ಕೆಂಪು ಮೈ, ಹಣೆಯಲ್ಲಿ ಬಿಳಿಯ ನಾಮ, ಮೂರು ವರ್ಷದಲ್ಲಿ ಎದೆ ಉಬ್ಬಿಸಿ ನಿಲ್ಲುವ ಹೋರಿಯಾಗಿತ್ತು. ಅದೇ ಸಮಯಕ್ಕೆ ಹಳೆಯ ಪಟ್ಟದ ಹೋರಿ ವಯಸ್ಸಾಗಿ ಸತ್ತಿತು. ಮಂಗಳವಾರ ಕಬ್ಬಿಡುವುದೆಂದು ಗೊತ್ತಾಯಿತು. ತನಗೆಂದು ಯಾವ ದೇವರ ಹತ್ತಿರವೂ ಏನೂ ಕೇಳದ ಅಕ್ಕ ನನ್ನ ಕೈ ಹಿಡಿದು, "ತಂಬಿ, ನಮ್ ಸೆಲ್ವನ್ಗೆ ಪಟ್ಟ ಆದ್ರೆ ನಾ ಉಟ್ಟಿದ್ದಕ್ಕೂ ಒಂದು ಅರ್ತ ಆಯ್ತು ಕಣಪ್ಪ" ಎಂದಳು. ಹುಟ್ಟಿದ್ದಕ್ಕೆ ಎಂದು ಅವಳು ಹೇಳಿದ್ದು. ಆಗ ಅವಳ ಕಣ್ಣು ನೋಡಿದ ನನಗೂ ಹಾಗೇ ಅನ್ನಿಸಿತು.

ಶನಿವಾರ ಮಧ್ಯಾಹ್ನ. ಅಕ್ಕ ಬೋಡಿನಾಯಕನೂರಿಗೆ ನೆಂಟರ ಮನೆಗೆ ಹೋಗಿದ್ದಳು. ನಾನು ಚಪ್ಪರದ ಕೆಳಗೆ ಲಿವರ್ ಎಳೆದು, ಬೀಜ ತುಂಬಿ, ನವಿಲಿಗಾಗಿ ಕಾಯುತ್ತಿದ್ದೆ. ಬಂದದ್ದು ಒಂದು ಕೆಂಪು ಹಿಂಭಾಗ. ಬೇಲಿಯ ಸಂದಿನಲ್ಲಿ ನುಗ್ಗಿ, ತಲೆಯನ್ನು ಅಲಸಂದೆ ಬಳ್ಳಿಯೊಳಗೆ ತೂರಿಸಿ ನಿಂತಿತ್ತು. ಪಕ್ಕದ ತೋಟದ ಹಸು ಎಂದುಕೊಂಡೆ. ನನ್ನ ಬಾಳಿನಲ್ಲಿ ಇಷ್ಟು ದೊಡ್ಡ ಗುರಿ, ಇಷ್ಟು ಹತ್ತಿರ, ಇಷ್ಟು ಅಲ್ಲಾಡದೆ ಎಂದೂ ಸಿಕ್ಕಿರಲಿಲ್ಲ. ಡೈರಿಯ ಖಾಲಿ ಜಾಗ ನೆನಪಾಯಿತು. ಟಪ್.

ತಗುಲಿತು. ಎರಡು ಕಾಲೂ ಎತ್ತಿ ಹಾರಿ ಅದು ತಿರುಗಿತು. ಹಣೆಯಲ್ಲಿ ಬಿಳಿಯ ನಾಮ.

ಹಿಂಡು ಬೆಟ್ಟದ ಬುಡದಿಂದ ವಾಪಸು ಬರುವಾಗ ನಮ್ಮ ಬೇಲಿಯ ಪಕ್ಕದಲ್ಲೇ ಹಾಯುತ್ತದೆ. ಅಕ್ಕ ಅಲ್ಲಿ ನಿಂತು ಕದ್ದು ಒಂದು ಬಾಳೆಹಣ್ಣು ಕೊಡುವುದಿತ್ತಂತೆ. ನನಗೆ ಆಮೇಲೆ ತಿಳಿಯಿತು. ಅವತ್ತು ಅಕ್ಕ ಕಾಣದೆ ಅದು ಒಳಗೇ ಹುಡುಕಿಕೊಂಡು ಬಂದಿತ್ತು. ಸೆಲ್ವ ನನ್ನನ್ನು ನೋಡಿತು, ಕೈಯಲ್ಲಿದ್ದುದನ್ನು ನೋಡಿತು. ಅದು ಕರುವಾಗಿದ್ದಾಗ ನಾನೂ ಎಷ್ಟೋ ಸಲ ಸೀಸೆ ಹಿಡಿದಿದ್ದೆ. ಬಂದ ಸಂದಿನಲ್ಲೇ ಹೊರಟುಹೋಯಿತು. ಗಾಯವೇನೂ ಇರಲಿಲ್ಲ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ.

ಸರೋಜಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ, "ಕೊತ್ತಂಬರಿ ಒಂದು ಏಟಾ? ಅದು ಏಟಾದ್ರೆ ದಿನಾ ರಸ ಕುಡಿಯೋ ನಾವೆಲ್ಲ ಎಂದೋ ಸತ್ತಿರಬೇಕು. ಬಾಯ್ ಮುಚ್ಚಿಕೊಂಡ್ ಇರುಂಗ" ಎಂದಳು. ಬುದ್ಧಿವಂತೆ. ಅವಳ ಮಾತಿನಂತೆ ನಡೆಯುವುದೆಂದು ತೀರ್ಮಾನಿಸಿದೆ. ಆ ರಾತ್ರಿ ರಸ ಮಾತ್ರ ಬೇಡವೆಂದು ಮಜ್ಜಿಗೆ ಅನ್ನ ಉಂಡೆ.

ಮಂಗಳವಾರ ದೊಡ್ಡಿಯ ಮುಂದೆ ಜನ ನೆರೆದಿದ್ದರು. ಹಿರಿಯರಾದ ದೊಡ್ಡಗೌಡರು ಕಂಬಳಿ ಹಾಸಿ ಕಬ್ಬಿಟ್ಟು ಹಿಂದೆ ಸರಿದರು. ಹೋರಿಗಳಿಗೆ ರಾಜ್ಯದ ಆಸೆ ಇದ್ದ ಹಾಗೆ ಕಾಣಲಿಲ್ಲ. ಒಂದು ತನ್ನ ಹೊಟ್ಟೆ ನೆಕ್ಕಿಕೊಂಡಿತು. ಮುರಿದ ಕೊಂಬಿನ ಮೊಂಡ ಎಂಬುದೊಂದು ಮಲಗಿಯೇಬಿಟ್ಟಿತು. ಎರಡು ಗಂಟೆ ಹೊತ್ತು ಹೀಗೇ ಕಳೆಯಿತು. ಆಮೇಲೆ ಸೆಲ್ವ ಗುಂಪು ಬಿಟ್ಟು ಹೊರಟಿತು. ನಿಂತು ನಿಂತು, ತಲೆ ಎತ್ತಿ, ನೇರವಾಗಿ ಕಂಬಳಿಯ ಅಂಚಿಗೆ ಬಂದು ನಿಂತಿತು. ನನ್ನ ಪಕ್ಕದಲ್ಲಿ ಕೂತ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಹೋರಿ ಕಂಬಳಿಯ ಅಂಚಿಗೆ ಬಂದಾಗ ಹಿರಿಯರು ಒಂದು ಪ್ರಶ್ನೆ ಕೇಳುವುದು ಪದ್ಧತಿ. ಕೂತವರೆಲ್ಲ ಉತ್ತರ ಕೊಡಬೇಕು.

"ಈ ಓರಿಗೆ ಯಾರಾನಾ ಕೈ ಮಾಡಿದ್ದು ಉಂಟಾ?" ದೊಡ್ಡಗೌಡರು ಕೂಗಿದರು.

"ಇಲ್ಲಾ!" ಎಂದಿತು ಜನ. ಎಲ್ಲರಿಗಿಂತ ಗಟ್ಟಿಯಾಗಿ ಅಕ್ಕ. ಇಲ್ಲ ಎನ್ನಲು ನಾನೂ ಬಾಯಿ ತೆರೆದೆ.

"ಉಂಟು" ಎಂದೆ.

ಧರ್ಮಕ್ಕೆ ಹೆದರಿ ಹಾಗೆಂದೆ ಎಂದು ಬರೆದುಕೊಳ್ಳಬಹುದಿತ್ತು. ನಿಜವೆಂದರೆ ಸೆಲ್ವ ಅಷ್ಟು ಜನರಲ್ಲಿ ನನ್ನನ್ನೇ ನೋಡುತ್ತಿತ್ತು. ಅದರ ಮುಂದೆ ಸುಳ್ಳು ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ದೊಡ್ಡಗೌಡರು ನನ್ನ ಕಡೆ ತಿರುಗಿದರು. "ಯಾರು ಒಡ್ದದ್ದು?"

"ನಾನೇ ಮಾಮಾ."

"ಏನ್ರಾಗೆ? ಕೋಲಾ? ಕಲ್ಲಾ?"

"ಕೊತ್ತಂಬರಿ."

ಹಿಂದಿನ ಸಾಲಿನಿಂದ ಯಾರೋ, "ಸೊಪ್ಪಾ, ಬೀಜವಾ?" ಎಂದು ಕೇಳಿದರು. ನಗು ಸಿಡಿಯಿತು. ದೊಡ್ಡಗೌಡರು ನಗಲಿಲ್ಲ. ಕಟ್ಟಳೆ ಕಟ್ಟಳೆಯೇ. ಪಿಸ್ತೂಲು, ಲಿವರು, ನವಿಲು ಎಲ್ಲವನ್ನೂ ನನ್ನ ಬಾಯಿಂದ ಬಿಡಿಸಿದರು. ಹಿರಿಯರು ತಲೆ ಸೇರಿಸಿದರು. ಕೈಯಿಂದ ಹೊಡೆದಿಲ್ಲ, ಗಾಳಿ ಹೊಡೆದಿದೆ ಎಂದರು ಒಬ್ಬರು. ಗಾಳಿಯನ್ನು ಬಿಗಿದ ಕೈ ಇವನದೇ ಎಂದರು ಇನ್ನೊಬ್ಬರು. ಕೊತ್ತಂಬರಿ ತಿನ್ನುವ ಪದಾರ್ಥ, ಆಯುಧವಲ್ಲ. ಹೋರಿಗೆ ತಿನ್ನಲು ಕೊಟ್ಟದ್ದು ಸ್ವಲ್ಪ ವೇಗವಾಗಿ ಹೋಗಿದೆ ಎಂದು ಮೂರನೆಯವರು. ಆ ಮಾತು ಎಲ್ಲರಿಗೂ ಹಿಡಿಸಿತು. ದೊಡ್ಡಗೌಡರು ಬಹಳ ಯೋಚಿಸಿ, ಗಂಟಲು ಸರಿಮಾಡಿಕೊಂಡು, "ಕೊತ್ತಂಬರಿ ಏಟಿಗೆ ಸೇರಲ್ಲ" ಎಂದು ತೀರ್ಪು ಕೊಟ್ಟರು. ನನಗೆ ಹೋದ ಜೀವ ಬಂತು. ಎಲ್ಲರೂ ಕಂಬಳಿಯ ಕಡೆ ತಿರುಗಿದೆವು.

ಮೊಂಡ ಕಬ್ಬು ತಿನ್ನುತ್ತಿತ್ತು.

ಮಲಗಿದ್ದು ಯಾವಾಗ ಎದ್ದಿತೋ, ಯಾವಾಗ ಬಂದಿತೋ, ನಾವು ಕೊತ್ತಂಬರಿಯ ಗಲಾಟೆಯಲ್ಲಿದ್ದಾಗ ಒಬ್ಬರೂ ನೋಡಲಿಲ್ಲ. ಅರ್ಧ ಕಬ್ಬು ಆಗಲೇ ಮುಗಿದಿತ್ತು. ಸೆಲ್ವ ದೊಡ್ಡಿಯ ಮೂಲೆಗೆ ಹೋಗಿ ನಿಂತಿತ್ತು. ಡೋಲು ಬಡಿದರು, ಮೊಂಡನ ಕೊರಳಿಗೆ ಹಾರ ಬಿತ್ತು, ಮೊಂಡ ಆ ಹಾರವನ್ನೂ ತಿಂದಿತು.

ಅಕ್ಕ ಅಳಲಿಲ್ಲ. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯ ಬಾಗಿಲಲ್ಲಿ ನಿಂತು ತಿರುಗಿದಳು. "ನಿಜ ಏಳಿದ್ದು ಸೆರಿ ತಂಬಿ. ಬ್ಯಾಡ ಅಂತ ಏಳಲ್ಲ. ಆದ್ರೆ ಅದು ಕಬ್ಬಿಗ್ ಬಾಯಿ ಇಟ್ಟ ಮ್ಯಾಲೆ ಏಳಕ್ಕಾಗ್ಲಿಲ್ವಾ?"

ಅಷ್ಟೇ. ಬಾಗಿಲು ಹಾಕಿಕೊಂಡಳು. ಅವಳು ನನ್ನನ್ನು ಬೈದಿದ್ದರೆ ಸಹಿಸಬಹುದಿತ್ತು. ದಿನಾ ಗೋಡೆಯ ಮೇಲಿಂದ ಬರುತ್ತಿದ್ದ ಸೊಪ್ಪಿನ ಸಾರು ನಿಂತಿತು. ತಂಬಿ ಎಂದು ಕರೆಯುವುದೂ ನಿಂತಿತು. ಅರವತ್ತು ದಾಟಿದ ಮುದುಕ ನಾನು, ಅಕ್ಕ ಮಾತು ಬಿಟ್ಟಳೆಂದು ಪಂಪ್‌ಸೆಟ್ ಮನೆಯಲ್ಲಿ ಒಬ್ಬನೇ ಕೂತು ಅತ್ತೆ.

ಪಿಸ್ತೂಲನ್ನು ಸರೋಜ ಅಡುಗೆಮನೆಯ ಕಿಟಕಿಗೆ ಒತ್ತು ಕೊಟ್ಟಿದ್ದಾಳೆ. ಆ ಕೆಲಸಕ್ಕೆ ಅದು ಬಹಳ ಯೋಗ್ಯ ಎಂದು ವರದಿಗೆ ಸೇರಿಸಿದ್ದೇನೆ.

ಶುಕ್ರವಾರ ಬಂತು. ಅಕ್ಕ ಬಾಳೆಹಣ್ಣು ಕಟ್ಟಿಕೊಂಡು ಹೊರಟಾಗ ನಾನೂ ಒಂದು ಕಬ್ಬು ಮುರಿದುಕೊಂಡು ಹಿಂದೆ ಹೊರಟೆ. ಅವಳು ತಿರುಗಿ ನೋಡದೆ ನಡೆದಳು. ಸೆಲ್ವ ಅವಳ ಕೈಯಿಂದ ಹಣ್ಣು ತಿಂದಿತು. ನಾನು ಕಬ್ಬು ಚಾಚಿದರೆ ಹತ್ತು ಮಾರು ದೂರ ಓಡಿತು. ಎರಡನೆಯ ಶುಕ್ರವಾರವೂ ಓಡಿತು. ಮೂರನೆಯದಕ್ಕೆ ನಿಂತು ನೋಡಿತು. ಹೀಗೆ ಏಳು ಶುಕ್ರವಾರ ನಾನು ದೊಡ್ಡಿಯ ಗೊಬ್ಬರದ ಗುಂಡಿಯ ಅಂಚಿನಲ್ಲಿ ಕಬ್ಬು ಹಿಡಿದು ನಿಂತೆ. ರಾಜ ಮೊಂಡ ಮಾತ್ರ ಪ್ರತಿ ಸಲವೂ ಬಂದು, ಯಾವ ಬಿಗುಮಾನವೂ ಇಲ್ಲದೆ ಕಬ್ಬು ತಿಂದುಹೋಗುತ್ತಿತ್ತು.

ಎಂಟನೆಯ ಶುಕ್ರವಾರ ಸೆಲ್ವ ಬಂದಿತು. ನನ್ನ ಕೈ ಮೂಸಿತು. ಕಬ್ಬನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡು, ನಿಧಾನವಾಗಿ ಅಗಿದು, ಪೂರ್ತಿ ನುಂಗಿತು. ಕ್ಷಮಿಸಿತು ಎಂದುಕೊಂಡು ನಾನು ಕೈ ಎತ್ತಿ ಮುಗಿದೆ. ಅದು ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ತಲೆ ತಗ್ಗಿಸಿ, ಹಣೆಯಿಂದ ನನ್ನ ಹೊಟ್ಟೆಗೆ ಒಂದೇ ಒಂದು ಗುಮ್ಮು ಕೊಟ್ಟಿತು. ವೇಷ್ಟಿ ಸಮೇತ ಗೊಬ್ಬರದ ಗುಂಡಿಯಲ್ಲಿ ಕುಕ್ಕರಿಸಿದೆ.

ಮೇಲಿನಿಂದ ಒಂದು ಸದ್ದು ಕೇಳಿಸಿತು. ಅಕ್ಕ ದೊಡ್ಡಿಯ ಗಳು ಹಿಡಿದುಕೊಂಡು, ಹೊಟ್ಟೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಎರಡು ತಿಂಗಳಾಗಿತ್ತು ಅವಳು ನಕ್ಕು. "ಏಳು ತಂಬಿ, ಏಳು" ಎಂದು ಕೈ ಚಾಚಿದಳು. ಏಳಲು ಮನಸ್ಸಾಗಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನಗಲೆಂದು ನಾನು ಗೊಬ್ಬರದಲ್ಲೇ ಕೂತಿದ್ದೆ.